ಹಿತ್ತಲ ಪಕ್ಷಿಚಿತ್ರ ಮೀಮಾಂಸೆ

ವಿಷಯ: ಹಿತ್ತಲಿನಲ್ಲಿ ನೆಟ್ಟ ಕ್ಯಾಮೆರಾ ಮೂರು ಬಗೆಯ ಚಿತ್ರಗಳನ್ನು ಕೊಡುತ್ತದೆ: ಹಕ್ಕಿ ಬರುವ ಮೊದಲಿನದು, ಹಕ್ಕಿ ಹಾರಿಹೋದ ನಂತರದ್ದು ಮತ್ತು ಅಳಿಲಿನದು. ನಾಲ್ಕನೆಯ ಬಗೆ, ಅಂದರೆ ಸಾಕ್ಷಾತ್ ಹಕ್ಕಿಯ ಚಿತ್ರ, ದುರ್ಲಭ. ಅದನ್ನು ಸಾಧಿಸುವ ಸ್ಥಾನನಿರ್ಣಯವೇ ಈ ಶಾಸ್ತ್ರದ ಪ್ರಯೋಜನ.

ಪೂರ್ವಾಚಾರ್ಯರು: ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರಿ ಕಿಯರ್ಟನ್ ಸಹೋದರರು 1900ರ ಆಸುಪಾಸಿನಲ್ಲಿ ಟೊಳ್ಳು ಎತ್ತಿನ ಬೊಂಬೆಯೊಳಗೆ ಅಡಗಿ ಹಕ್ಕಿಗಳ ಚಿತ್ರ ತೆಗೆದರು. ಇದು ವೃಷಭೋದರ ಪಂಥ. ಎತ್ತು ಹಿಡಿಸದ ಹಿತ್ತಲುಗಳಿಗೆ ಮರಕ್ಕೆ ಕಟ್ಟುವ, ಎದುರಿಗೆ ಚಲನೆ ಕಂಡರೆ ತಾನೇ ಚಿತ್ರ ತೆಗೆಯುವ ಟ್ರೈಲ್ ಕ್ಯಾಮೆರಾ ವಿಹಿತ.

ದಿಕ್ಕು: ಪೂರ್ವಕ್ಕೆ ಮುಖಮಾಡಿದ ಕ್ಯಾಮೆರಾದಲ್ಲಿ ಬೆಳಗಿನ ಹೊತ್ತು ಪಿಕಳಾರ, ಗೊರವಂಕ, ಕಾಗೆ ಎಂಬ ಭೇದವಳಿದು ಸಕಲವೂ ಕಪ್ಪಾಗಿ ಕಾಣುತ್ತದೆ. ಇದು ಅದ್ವೈತಕ್ಕೆ ಸಮ್ಮತ, ಪಕ್ಷಿಶಾಸ್ತ್ರಕ್ಕಲ್ಲ. ಪಶ್ಚಿಮಕ್ಕೆ ಮುಖಮಾಡಿದರೆ ಸಂಜೆ ಇದೇ ದೋಷ. ಆದ್ದರಿಂದ ಉತ್ತರಾಭಿಮುಖವೇ ಶ್ರೇಷ್ಠ. ಉತ್ತರದಲ್ಲಿ ಬಟ್ಟೆ ಒಣಹಾಕುವ ಹಗ್ಗವಿದ್ದರೆ ಹಗ್ಗವನ್ನು ಶ್ರುತಿಯೆಂದೂ ಕ್ಯಾಮೆರಾವನ್ನು ಸ್ಮೃತಿಯೆಂದೂ ತಿಳಿಯತಕ್ಕದ್ದು. ವಿರೋಧ ಬಂದಾಗ ಸ್ಮೃತಿಯೇ ಸರಿಯಬೇಕು.

ಎತ್ತರ: ಕ್ಯಾಮೆರಾ ಹಕ್ಕಿಯ ಕಣ್ಣಿನ ಮಟ್ಟದಲ್ಲಿರಬೇಕು. ಮೇಲಿಂದ ಬೆನ್ನು, ಕೆಳಗಿಂದ ಹೊಟ್ಟೆ ಮಾತ್ರ ದಕ್ಕುತ್ತದೆ. ಹಿತ್ತಲಿಗೆ ಬರುವ ಎರಡು ಬಗೆಯ ಪಿಕಳಾರಗಳಿಗೂ ಬಾಲದ ಬುಡ ಕೆಂಪೇ. ಕೆಮ್ಮೀಸೆ ಪಿಕಳಾರದ ಗುರುತು ಇರುವುದು ಕೆನ್ನೆಯಲ್ಲಿ. ಬುಡ ನೋಡಿ ಜಾತಿ ನಿರ್ಣಯಿಸಹೊರಟವರ ವಿವಾದ ಮುಗಿಯುವುದಿಲ್ಲ.

ದೂರ: ಟ್ರೈಲ್ ಕ್ಯಾಮೆರಾ ಹುಟ್ಟಿದ್ದು ಜಿಂಕೆಯಂಥ ದೊಡ್ಡ ಪ್ರಾಣಿಗಳಿಗಾಗಿ. ಅಂಥ ಹಲವು ಕ್ಯಾಮೆರಾಗಳಿಗೆ ಒಂದೂವರೆ ಮೀಟರಿಗಿಂತ ಹತ್ತಿರದ್ದೆಲ್ಲ ಮಸುಕು. ಹತ್ತು ಸೆಂಟಿಮೀಟರಿನ ಸೂರಕ್ಕಿ ಅದಕ್ಕಿಂತ ದೂರ ಹೋದರೆ ಚುಕ್ಕೆ. ಮಸುಕಿಗೂ ಚುಕ್ಕೆಗೂ ನಡುವಿನ ಮಧ್ಯಮಮಾರ್ಗವೆಂದರೆ ಲೆನ್ಸಿನ ಮುಂದೆ ಇನ್ನೊಂದು ಕ್ಲೋಸಪ್ ಲೆನ್ಸ್.

ಭ್ರಾಂತಿ: ಈ ಯಂತ್ರದ ಸೆನ್ಸರು ಹಕ್ಕಿಯನ್ನು ಅರಿಯದು, ಹಿನ್ನೆಲೆಗಿಂತ ಬೇರೆ ಶಾಖದ್ದೊಂದು ಚಲಿಸಿತೆಂಬುದನ್ನಷ್ಟೇ ಅರಿಯುತ್ತದೆ. ಹಕ್ಕಿಯ ಪುಕ್ಕ ಮೈಶಾಖವನ್ನು ಹೊರಬಿಡದೆ ಕಾಪಾಡುತ್ತದೆ. ಏಪ್ರಿಲ್ ಮಧ್ಯಾಹ್ನ ಹಿಂದಿನ ಗೋಡೆಯೂ ಕಾದಾಗ ಗುಬ್ಬಚ್ಚಿ ಎದುರಿಗಿದ್ದೂ ಇಲ್ಲದಂತೆ. ಬಿಸಿಲಿಗೆ ಕಾದ ಬಾಳೆಲೆ ಗಾಳಿಗೆ ತೂಗಿದರೆ ಮಾತ್ರ ಪ್ರತಿ ತೂಗಿಗೂ ಒಂದು ಚಿತ್ರ. ಸಂಜೆಯ ಹೊತ್ತಿಗೆ ಮೆಮೊರಿ ಕಾರ್ಡಿನಲ್ಲಿ ಬಾಳೆಯ ಸಮಗ್ರ ಜೀವನಚರಿತ್ರೆ ಸಿದ್ಧ. ಎಲೆ ಕತ್ತರಿಸುವುದು ಅಥವಾ ಕ್ಯಾಮೆರಾವನ್ನು ನೆರಳಿನ ಕಡೆಗೆ ತಿರುಗಿಸುವುದು ಪರಿಹಾರ.

ಸಿದ್ಧಾಂತ: ಕ್ಯಾಮೆರಾವನ್ನು ಹಕ್ಕಿಯತ್ತ ತಿರುಗಿಸುವುದಲ್ಲ, ಹಕ್ಕಿಯನ್ನು ಕ್ಯಾಮೆರಾದ ಮುಂದೆ ಕೂರಿಸುವುದೇ ಸ್ಥಾನನಿರ್ಣಯ. ತಗ್ಗಿನ ತಟ್ಟೆಯಲ್ಲಿ ನೀರಿಟ್ಟು, ಪಕ್ಕದಲ್ಲೊಂದು ಒಣಕೊಂಬೆ ನೆಡಬೇಕು. ನೀರಿಗಿಳಿಯುವ ಮುನ್ನ ಹಕ್ಕಿ ಅಲ್ಲಿ ಕೂತು ಬೆಕ್ಕಿದೆಯೇ ಎಂದು ನೋಡುತ್ತದೆ. ಚಿತ್ರಕ್ಕೆ ಆ ಕ್ಷಣವೇ ಪ್ರಶಸ್ತ. ಹಿಂದಿನ ಗಿಡಗಳು ಕೊಂಬೆಯಿಂದ ದೂರವಿದ್ದಷ್ಟೂ ಹಕ್ಕಿ ಎದ್ದು ಕಾಣುತ್ತದೆ.

ಅಪವಾದ: ಕೊಂಬೆಗಿಂತ ಕ್ಯಾಮೆರಾದ ನೆತ್ತಿಯೇ ಕೂರಲು ಹಿತವೆಂದು ಮಡಿವಾಳ ಹಕ್ಕಿ ತೀರ್ಮಾನಿಸುವುದುಂಟು. ಅಂಥಲ್ಲಿ ಎರಡನೆಯ ಕ್ಯಾಮೆರಾ ಕೊಳ್ಳಬೇಕೆಂದು ಕೆಲವರ ಮತ. ಅದರ ನೆತ್ತಿಯೂ ಚಪ್ಪಟೆಯೇ ಎಂಬುದು ಉಳಿದವರ ಆಕ್ಷೇಪ.