ಐದು ಮಿಲಿಮೀಟರ್ ಶಾಸ್ತ್ರಿಗಳು

ಶಾಸ್ತ್ರಿಗಳ ಹತ್ತಿರ ಸೈಕಲ್ ಇಲ್ಲ ಎಂದರೆ ಸುಳ್ಳಾದೀತು. ಜಯನಗರದ ಅವರ ಮನೆಯ ಹಾಲಿನಲ್ಲಿ, ಟೀವಿಗೂ ಪಂಚಾಂಗದ ಕ್ಯಾಲೆಂಡರಿಗೂ ನಡುವಿನ ಗೋಡೆಯಲ್ಲಿ, ಹಸಿರು ಬಣ್ಣದ ಸ್ಟೀಲ್ ಫ್ರೇಮ್ ಒಂದು ತೂಗುತ್ತಿದೆ. ಅದಕ್ಕೆ ಎರಡು ಚಕ್ರ ಇವೆ, ಹ್ಯಾಂಡಲ್ ಇದೆ, ಬ್ರೇಕಿದೆ, ಸೀಟಿದೆ, ಸೀಟಿನ ಕೆಳಗೆ ಪಂಚರ್ ಸಾಮಾನಿನ ಪುಟ್ಟ ಚೀಲವೂ ಇದೆ. ಹಿಂದಿನ ಚಕ್ರದಲ್ಲಿ 17 ಹಲ್ಲಿನ ಕಾಗ್ ಕೂಡ ಭದ್ರವಾಗಿ ಕೂತಿದೆ. ಇಲ್ಲದಿರುವುದು ತುಳಿಯಲು ಬೇಕಾದ, ಪೆಡಲನ್ನು ಹೊರುವ ಕ್ರ್ಯಾಂಕು ಮಾತ್ರ. ಅದನ್ನು ಅವರು ಇನ್ನೂ ಆರಿಸುತ್ತಿದ್ದಾರೆ.

ಶಾಸ್ತ್ರಿ ಎನ್ನುವುದು ಅವರ ಮನೆತನದ ಹೆಸರಲ್ಲ, ಆಫೀಸಿನ ಹುಡುಗರು ದಯಪಾಲಿಸಿದ ಬಿರುದು. ನಲವತ್ತರ ಆಸುಪಾಸಿನ ಸಾಫ್ಟ್‌ವೇರ್ ಮನುಷ್ಯ. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಬಾಗಿಲಲ್ಲಿ ನಿಂತಿದೆ ಎಂದು ಡಾಕ್ಟರು ಹೇಳಿದ ಸಂಜೆಯೇ ಸೈಕಲ್ಲಿನ ಮೇಲೆ ಭಕ್ತಿ ಹುಟ್ಟಿದವರು. ಇಂಥವರು ಬೆಂಗಳೂರಿನ ಪ್ರತಿ ಆಫೀಸಿನ ಪ್ರತಿ ಮಹಡಿಯಲ್ಲೂ ಒಬ್ಬೊಬ್ಬರಿದ್ದಾರೆ. ಲೆನ್ಸ್ ಆರಿಸುತ್ತಲೇ ಇರುವ ಫೋಟೋಗ್ರಾಫರು, ಗ್ರೈಂಡರ್ ಆರಿಸುತ್ತಾ ಇನ್‌ಸ್ಟಂಟ್ ಕಾಫಿ ಕುಡಿಯುವವರು, ಶೂಸ್ ಆರಿಸುತ್ತಾ ಲಿಫ್ಟಿನಲ್ಲಿ ಓಡಾಡುವ ಮ್ಯಾರಥಾನಿಗರು ಎಲ್ಲರೂ ಇವರ ಬಳಗವೇ. ಆದರೆ ಶಾಸ್ತ್ರಿಗಳ ಆಳ ಬೇರೆಯವರಿಗಿಲ್ಲ.

ಅವರ ಗೋಡೆಯಲ್ಲಿರುವುದು ಫಿಕ್ಸೆಡ್ ಸೈಕಲ್. ಹಾಗೆಂದರೇನು ಎಂದು ನಾನೇ ಹೇಳಿಬಿಡುತ್ತೇನೆ. ಶಾಸ್ತ್ರಿಗಳು ಹೇಳತೊಡಗಿದರೆ ನಿಮ್ಮ ಮಧ್ಯಾಹ್ನದ ಊಟ ತಪ್ಪುತ್ತದೆ. ನಾವೆಲ್ಲ ಓಡಿಸಿದ ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಫ್ರೀವೀಲ್ ಇರುತ್ತದೆ, ಸೈಕಲ್ ಶಾಪಿನವರ ಬಾಯಲ್ಲಿ ಬರೀ ‘ಫ್ರೀ’. ಅದು ಇರುವುದರಿಂದಲೇ ಇಳಿಜಾರಿನಲ್ಲಿ ಕಾಲು ಸುಮ್ಮನಿಟ್ಟು, ಟಿಕಟಿಕ ಸದ್ದು ಕೇಳುತ್ತಾ, ಗಾಳಿ ಕುಡಿಯುತ್ತಾ ಹೋಗುವುದು. ಫಿಕ್ಸೆಡ್‌ನಲ್ಲಿ ಆ ಫ್ರೀ ಇಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತದೆ, ಜೊತೆಗೆ ಕಾಲೂ ತಿರುಗಲೇಬೇಕು. ನಿಲ್ಲಬೇಕಾದರೆ ಪೆಡಲನ್ನು ಹಿಂದಕ್ಕೆ ಒತ್ತಿ ತಡೆಯಬೇಕು, ಇಲ್ಲವೇ ಬ್ರೇಕು ಹಿಡಿಯಬೇಕು. ಗೇರು ಒಂದೇ, ಕೆಡುವ ಸಾಮಾನು ಕಡಿಮೆ, ಮಳೆಯಲ್ಲಿ ನೆಂದರೆ ಒರೆಸಿ ಚೈನಿಗೆ ಎಣ್ಣೆ ಬಿಟ್ಟರೆ ಆಯಿತು. ದಿನಾ ಆಫೀಸಿಗೆ ಹೋಗಿಬರಲು ಇದಕ್ಕಿಂತ ಸರಳವಾದ ಸೈಕಲ್ ಲೋಕದಲ್ಲಿಲ್ಲ ಎಂಬುದು ಶಾಸ್ತ್ರಿಗಳ ಸಿದ್ಧಾಂತ. ಆ ಸರಳ ಸೈಕಲ್ಲಿಗಾಗಿ ಅವರು ಮಾಡಿಟ್ಟುಕೊಂಡಿರುವ ಎಕ್ಸೆಲ್ ಶೀಟು ಪರದೆಯ ಬಲತುದಿಯನ್ನು ದಾಟಿ ಎಲ್ಲಿಗೋ ಹೋಗುತ್ತದೆ.

ಮೊದಲ ಪ್ರಶ್ನೆ ಕ್ರ್ಯಾಂಕಿನ ಉದ್ದದ್ದು. ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವುದು 165, 170, 172.5, 175 ಮಿಲಿಮೀಟರಿನವು. ಸಾದಾ ಸೈಕಲ್ಲಿಗೆ ಯಾವುದು ಹಾಕಿದರೂ ಲೋಕ ಮುಳುಗುವುದಿಲ್ಲ. ಫಿಕ್ಸೆಡ್‌ಗೆ ಹಾಗಲ್ಲ. ತಿರುವಿನಲ್ಲಿ ಸೈಕಲ್ ವಾಲಿದಾಗ ಒಳಬದಿಯ ಪೆಡಲನ್ನು ಮೇಲೆತ್ತಿ ನಿಲ್ಲಿಸಿಕೊಳ್ಳುವ ಅವಕಾಶವೇ ಇಲ್ಲವಲ್ಲ, ಅದು ಕೆಳಗೆ ಬಂದೇ ಬರುತ್ತದೆ. ಬಂದಾಗ ನೆಲಕ್ಕೆ ತಾಗಿದರೆ ಹಿಂದಿನ ಚಕ್ರ ಎಗರಿ ಸವಾರ ಮಲಗುತ್ತಾನೆ. ಅದಕ್ಕೇ 165. ಇದು ಸರಿಯಾದ ಮಾತು. ಶಾಸ್ತ್ರಿಗಳು ಹೇಳುವುದೆಲ್ಲ ಸರಿಯಾದ ಮಾತೇ. ಅದೇ ಫಜೀತಿ.

ಹೋದ ಸಲ ನ್ಯೂಜೆರ್ಸಿಯಿಂದ ಭಾವಮೈದುನ ಬರುವಾಗ ಒಂದು ಕ್ರ್ಯಾಂಕು ತರಲು ಹೇಳಿದ್ದರು. ಅತ್ತೆಗೆ ವಿಟಮಿನ್ ಮಾತ್ರೆ, ಮಕ್ಕಳಿಗೆ ಚಾಕೊಲೇಟು, ಭಾವನಿಗೆ ಅಲ್ಯುಮಿನಿಯಂ ಕ್ರ್ಯಾಂಕು. ವಿಮಾನ ನಿಲ್ದಾಣದಿಂದ ಬಂದವನು ಕಾಲು ತೊಳೆಯುವುದಕ್ಕೂ ಬಿಡದೆ ಸೂಟ್‌ಕೇಸ್ ಬಿಚ್ಚಿಸಿದರು. ಹೊಳೆಯುವ ಸಾಮಾನು. ಶಾಸ್ತ್ರಿಗಳು ಅದರ ಹಿಂಬದಿ ತಿರುಗಿಸಿ, ಕನ್ನಡಕ ಹಣೆಗೇರಿಸಿ, ಪೆಡಲಿನ ತೂತಿನ ಹತ್ತಿರ ಕೆತ್ತಿದ್ದ ಅಂಕಿ ಓದಿದರು. 170.

“ಅಂಗಡೀಲಿ 165 ಖಾಲಿಯಾಗಿತ್ತು ಭಾವ. ಐದು ಮಿಲಿಮೀಟರ್ ತಾನೆ, ಕಾಲು ಸ್ವಲ್ಪ ನೀಡಿದ್ರೆ ಆಯ್ತು” ಎಂದನಂತೆ ಆತ.

ಆ ಕ್ರ್ಯಾಂಕು ಚಟ್ನಿಪುಡಿ, ಹುರಿಗಾಳು, ಗೊಜ್ಜವಲಕ್ಕಿ ಮಿಕ್ಸಿನ ಪೊಟ್ಟಣಗಳ ಜೊತೆ ಅದೇ ಸೂಟ್‌ಕೇಸಿನಲ್ಲಿ ವಾಪಸು ನ್ಯೂಜೆರ್ಸಿಗೆ ಹೋಯಿತು. ಅತ್ತೆ ಎರಡು ದಿನ ಮಾತು ಬಿಟ್ಟರು. ಶಾಸ್ತ್ರಿಗಳಿಗೆ ಅದು ಗೊತ್ತಾಗಲಿಲ್ಲ.

ಅಮೆರಿಕದ ದಾರಿ ಮುಚ್ಚಿದ ಮೇಲೆ ನಾಲ್ಕನೇ ಬ್ಲಾಕಿನ ಆಚೆ ಒಂದು ಹಳೇ ಸೈಕಲ್ ಶಾಪಿಗೆ ಹೋದರು. ಜೊತೆಗೆ ನಾನೂ ಹೋಗಿದ್ದೆ. ಅಂಗಡಿಯಾತ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದವರು ಫ್ರೇಮ್ ನೋಡಿ ಎದ್ದು ಬಂದರು. ಹಿಂದಿನ ಚಕ್ರ ತಿರುವಿದರು, ಕಾಗ್ ಮುಟ್ಟಿ ನೋಡಿದರು.

“ಫ್ರೀ ಎಲ್ಲಿ ಸಾರ್?”

“ಇದಕ್ಕೆ ಫ್ರೀ ಇಲ್ಲ.”

“ಫ್ರೀ ಇಲ್ದೆ ಡೌನಲ್ಲಿ ಏನ್ ಮಾಡ್ತೀರ?”

“ತುಳೀತಾ ಇರ್ತೀನಿ.”

ಆತ ನನ್ನ ಮುಖ ನೋಡಿದರು. ನಾನು ಬೋಗುಣಿ ನೋಡಿದೆ. ಕೊನೆಗೆ ಹಳೇ ಟಯರುಗಳ ರಾಶಿಯಡಿಯಿಂದ ಒಂದು ಕ್ರ್ಯಾಂಕು ಎಳೆದು ಬಟ್ಟೆಯಲ್ಲಿ ಒರೆಸಿ ಕೊಟ್ಟರು. ಸ್ಟೀಲು, 44 ಹಲ್ಲಿನ ಚೈನ್‌ವೀಲ್ ಅದಕ್ಕೇ ರಿವೆಟ್ ಆಗಿದೆ. ಶಾಸ್ತ್ರಿಗಳು ಲ್ಯಾಪ್‌ಟಾಪ್ ಚೀಲದಿಂದ ವರ್ನಿಯರ್ ಕ್ಯಾಲಿಪರ್ ಹೊರತೆಗೆದರು. ಹೌದು, ಅದು ಸದಾ ಅಲ್ಲೇ ಇರುತ್ತದೆ, ಚಾರ್ಜರಿನ ಪಕ್ಕ. ಅಳೆದರು, ತಲೆ ಅಲ್ಲಾಡಿಸಿದರು. ಆಮೇಲೆ ಕ್ರ್ಯಾಂಕನ್ನು ಒಂದು ಹಳೇ ಆಕ್ಸಲ್ಲಿಗೆ ಸಿಕ್ಕಿಸಿ, ಪೆನ್ನಿನ ಮೊನೆಯನ್ನು ಹಲ್ಲುಗಳ ಹತ್ತಿರ ಅಲುಗದಂತೆ ಹಿಡಿದು, ನಿಧಾನವಾಗಿ ತಿರುಗಿಸಿದರು. ಒಂದು ಕಡೆ ಹಲ್ಲು ಪೆನ್ನಿಗೆ ತಾಗಿತು, ಎದುರು ಕಡೆ ಬಂದಾಗ ನಡುವೆ ಬೆಳಕು ಕಂಡಿತು. ಚೈನ್‌ವೀಲ್ ಪೂರಾ ಗುಂಡಗಿಲ್ಲ. ಫ್ರೀ ಇರುವ ಸೈಕಲ್ಲಿನಲ್ಲಿ ಇದು ಯಾರ ಗಮನಕ್ಕೂ ಬಾರದು. ಫಿಕ್ಸೆಡ್‌ನಲ್ಲಿ ಚೈನು ಬಿಗಿಯಾಗಿರಬೇಕು. ಪ್ರತಿ ಸುತ್ತಿನಲ್ಲೂ ಅದು ಒಮ್ಮೆ ಬಿಗಿದು ಒಮ್ಮೆ ಸಡಿಲವಾದರೆ, ಸಡಿಲವಾದಾಗ ಕಳಚಿಕೊಂಡು ಚಕ್ರಕ್ಕೆ ಸಿಕ್ಕಿಕೊಳ್ಳುವ ಅಪಾಯ ಉಂಟು.

“ನಮ್ಮಪ್ಪ ಇಂಥದ್ರಲ್ಲೇ ಕನಕಪುರದ ಕಡೆಯಿಂದ ದಿನಾ ಹಾಲು ತರ್ತಿದ್ರು ಸಾರ್” ಎಂದರು ಅಂಗಡಿಯಾತ, ಸ್ವಲ್ಪ ನೊಂದುಕೊಂಡೇ.

“ಅವರ ಸೈಕಲ್ಲಿಗೆ ಫ್ರೀ ಇತ್ತು” ಎಂದರು ಶಾಸ್ತ್ರಿಗಳು. ಅದಕ್ಕೆ ಉತ್ತರವಿರಲಿಲ್ಲ. ಆತ ಮತ್ತೆ ಗುಳ್ಳೆ ಹುಡುಕಲು ಹೋದರು.

ಉದ್ದವಾಯಿತು, ಗುಂಡಗಿರುವುದಾಯಿತು, ಇನ್ನು ಕ್ರ್ಯಾಂಕು ಕೂರುವ ಆಕ್ಸಲ್ಲಿನ ವಿಚಾರ. ಇಲ್ಲಿ ಶಾಸ್ತ್ರಿಗಳು ನಿಜಕ್ಕೂ ಕೂಡಾವಳಿ ನೋಡುವ ಜೋಯಿಸರೇ ಆಗಿಬಿಡುತ್ತಾರೆ. ವರ ಕ್ರ್ಯಾಂಕು, ವಧು ಆಕ್ಸಲ್ಲು. ಇಬ್ಬರದೂ ಚೌಕ ತುದಿ, ಇಬ್ಬರದೂ ಎರಡು ಡಿಗ್ರಿ ಇಳಿಜಾರು, ನೋಡಿದವರು ಹೇಳಿ ಮಾಡಿಸಿದ ಜೋಡಿ ಅನ್ನಬೇಕು. ಆದರೆ ಜೆಐಎಸ್ ಎಂಬ ಜಪಾನೀ ಗಣ ಒಂದು, ಐಎಸ್‌ಒ ಎಂಬ ಗಣ ಇನ್ನೊಂದು. ಐಎಸ್‌ಒ ಆಕ್ಸಲ್ಲಿನ ತುದಿ ತುಸು ಸಣ್ಣ. ಅದಕ್ಕೆ ಜೆಐಎಸ್ ಕ್ರ್ಯಾಂಕು ಕೊಟ್ಟರೆ ಒಳಕ್ಕೆ ಜಾಸ್ತಿ ಹೋಗಿ ಕೂರುತ್ತದೆ. ತಿರುಗಾಮುರುಗಾ ಮಾಡಿದರೆ ನಾಲ್ಕೂವರೆ ಮಿಲಿಮೀಟರಿನಷ್ಟು ಹೊರಗೇ ನಿಲ್ಲುತ್ತದೆ. ಎರಡರಲ್ಲೂ ಚೈನ್‌ಲೈನ್ ಕೆಟ್ಟಿತು. ಫ್ರೇಮಿನ ನಡುಗೆರೆಯಿಂದ ಮುಂದಿನ ಹಲ್ಲಿಗೆ ಎಷ್ಟು ದೂರವೋ ಹಿಂದಿನ ಹಲ್ಲಿಗೂ ಅಷ್ಟೇ ಇರಬೇಕು, ಟ್ರ್ಯಾಕ್ ಸೈಕಲ್ಲಿನಲ್ಲಿ ಅದು 42 ಮಿಲಿಮೀಟರ್. ಆಕ್ಸಲ್ಲುಗಳು 103, 107, 110, 113 ಎಂದು ನಾನಾ ಉದ್ದದಲ್ಲಿ ಬರುತ್ತವೆ. ಶಾಸ್ತ್ರಿಗಳ ಮೇಜಿನ ಡ್ರಾಯರಿನಲ್ಲಿ ನಾಲ್ಕೂ ಇವೆ. ಮದುಮಗ ಗೊತ್ತಾಗುವ ಮುಂಚೆಯೇ ನಾಲ್ಕು ಹೆಣ್ಣು ನೋಡಿಟ್ಟುಕೊಂಡಿದ್ದಾರೆ.

“ರೀ, ಇದನ್ನ ಓಡಿಸೋದು ಯಾವಾಗ?” ಎಂದು ಮನೆಯಾಕೆ ಕೇಳಿದರೆ, “ಓಡಿಸೋದು ದೊಡ್ಡ ವಿಷಯ ಅಲ್ಲ ಕಣೇ, ಚೈನ್‌ಲೈನ್ ಕೂರಬೇಕು” ಎನ್ನುತ್ತಾರೆ. ಆಕೆ ಸ್ಕೂಟರ್ ಕೀಲಿ ತಂದು ಕೈಗಿಡುತ್ತಾರೆ. ಶಾಸ್ತ್ರಿಗಳು ಸ್ಕೂಟರಿನಲ್ಲಿ ಡೈರಿ ಸರ್ಕಲ್ ಮೇಲ್ಸೇತುವೆ ಹತ್ತಿ ಕೋರಮಂಗಲಕ್ಕೆ ಹೋಗುತ್ತಾರೆ. ಆ ಏರಿಗೆ 46 ಹಲ್ಲು ಸಾಕೋ 44 ಬೇಕೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಾರೆ.

ಹಲ್ಲಿನ ವಿಷಯಕ್ಕೆ ಬಂದರೆ, ಏಳನೇ ಕ್ಲಾಸಿನಲ್ಲಿ ಕಲಿತ ಮ.ಸಾ.ಅ. ಬದುಕಿನಲ್ಲಿ ಉಪಯೋಗಕ್ಕೆ ಬಂದದ್ದನ್ನು ನಾನು ಕಂಡದ್ದು ಇವರೊಬ್ಬರಲ್ಲೇ. ಒಂದು ಮದುವೆ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದರು. ಪಾಯಸದಲ್ಲಿ ಬೆರಳದ್ದಿ ಬಾಳೆಲೆಯ ಮೇಲೆ 48 ಬರೆದರು, ಕೆಳಗೊಂದು ಗೆರೆ, ಗೆರೆಯ ಕೆಳಗೆ 16.

“ಮುಂದೆ 48, ಹಿಂದೆ 16 ಹಾಕಿದ್ರೆ ಏನಾಗುತ್ತೆ ಹೇಳಿ?”

ಏನಾಗುತ್ತದೆಂದರೆ, ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಚಕ್ರ ಸರಿಯಾಗಿ ಮೂರು ಸುತ್ತು ಬರುತ್ತದೆ. ಫಿಕ್ಸೆಡ್ ಸವಾರರು ಕಾಲು ಬಿಗಿಹಿಡಿದು ಚಕ್ರ ಜಾರಿಸಿ ನಿಲ್ಲಿಸುವಾಗ ಸಾಮಾನ್ಯವಾಗಿ ಒಂದೇ ಕಾಲು ಮುಂದಿರುತ್ತದೆ. ಹಾಗಾಗಿ ಪ್ರತಿ ಸಲವೂ ಟಯರಿನ ಅದೇ ಒಂದು ಜಾಗ ರಸ್ತೆಗೆ ಉಜ್ಜಿ ಬೇಗ ತೂತಾಗುತ್ತದೆ. ಭಿನ್ನರಾಶಿಯನ್ನು ಒಡೆದಷ್ಟೂ ಒಡೆದು ಕೆಳಗೆ ಉಳಿದ ಸಂಖ್ಯೆ ಎಷ್ಟೋ, ಟಯರ್ ಸವೆಯುವ ಜಾಗ ಅಷ್ಟು. 46ಕ್ಕೆ 16 ಹಾಕಿದರೆ 8 ಜಾಗ. 46ಕ್ಕೆ 17 ಹಾಕಿದರೆ ಒಡೆಯುವುದೇ ಇಲ್ಲ, 17 ಜಾಗದಲ್ಲಿ ಸಮನಾಗಿ ಸವೆದು ಟಯರು ಬಾಳಿಕೆ ಬರುತ್ತದೆ. ಇದನ್ನು ಬರೆಯುವಷ್ಟರಲ್ಲಿ ಎಲೆಯಲ್ಲಿ ಜಾಗ ಮುಗಿದು, ಹೋಳಿಗೆ ಬಡಿಸುವ ಹುಡುಗ 17ರ ಮೇಲೇ ಹೋಳಿಗೆ ಹಾಕಿ ಮುಂದೆ ಹೋದ.

ಲೆಕ್ಕ ಸೊಗಸಾಗಿದೆ. ಆದರೆ ಶಾಸ್ತ್ರಿಗಳ ಸೈಕಲ್ಲಿಗೆ ಹಿಂದೆ ಮುಂದೆ ಎರಡೂ ಬ್ರೇಕುಗಳಿವೆ. ಅವರು ಚಕ್ರ ಜಾರಿಸುವ ಪ್ರಸಂಗವೇ ಇಲ್ಲ.

ಇಷ್ಟರ ಮೇಲೆ ಮುದ್ರೆಯ ಆಸೆ ಬೇರೆ. ಜಪಾನಿನಲ್ಲಿ ಕೇರಿನ್ ಎಂಬ ಸೈಕಲ್ ಪಂದ್ಯವಿದೆ, 1948ರಲ್ಲಿ ಕೊಕುರಾದಲ್ಲಿ ಆರಂಭವಾದದ್ದು, 2000ದ ಸಿಡ್ನಿ ಒಲಿಂಪಿಕ್ಸಿನ ಹೊತ್ತಿಗೆ ಅಲ್ಲಿಗೂ ಕಾಲಿಟ್ಟದ್ದು. ಜಪಾನಿನಲ್ಲಿ ಜನ ಅದಕ್ಕೆ ದುಡ್ಡು ಕಟ್ಟುತ್ತಾರೆ. ಒಬ್ಬನ ಸೈಕಲ್ ಇನ್ನೊಬ್ಬನದಕ್ಕಿಂತ ಮೇಲಾಗಿ ಪಂದ್ಯ ಕೆಡಬಾರದೆಂದು ಪ್ರತಿ ಬಿಡಿಭಾಗವನ್ನೂ ಪರೀಕ್ಷಿಸಿ ಎನ್‌ಜೆಎಸ್ ಎಂಬ ಮುದ್ರೆ ಹಾಕುತ್ತಾರೆ. ಸುಗಿನೋ 75 ಅಂಥ ಮುದ್ರೆಯ ಕ್ರ್ಯಾಂಕು. ಶಾಸ್ತ್ರಿಗಳ ಕನಸಿನಲ್ಲಿ ಬರುವುದು ಅದೇ. ಮುಂದಿನ ಹಲ್ಲಿನ ಚಕ್ರವನ್ನು, ಅಂದರೆ ಚೈನ್‌ರಿಂಗನ್ನು, ಕೂರಿಸುವ ಐದು ಬೋಲ್ಟುಗಳ ವೃತ್ತ ಅದರಲ್ಲಿ 144 ಮಿಲಿಮೀಟರ್, ರೋಡ್ ಸೈಕಲ್ಲುಗಳ ಹಳೇ ರೂಢಿಯಲ್ಲಿ 130. ವೃತ್ತ ದೊಡ್ಡದಾದರೆ ಸಣ್ಣ ರಿಂಗ್ ಕೂರುವುದಿಲ್ಲ. 144ಕ್ಕೆ 41 ಹಲ್ಲಿಗಿಂತ ಕಡಿಮೆಯದು ಆಗದು, 130 ಆದರೆ 38ರವರೆಗೆ ಇಳಿಯಬಹುದು. ಏರು ಇಳಿವು ಇರುವ ನಮ್ಮ ಊರಿಗೆ 130ರದ್ದೇ ಅನುಕೂಲ ಎಂದು ಅವರ ಎಕ್ಸೆಲ್ ಶೀಟೇ ಹೇಳುತ್ತದೆ. ಆದರೂ ಬಾಜಿ ಕಟ್ಟುವವರ ಹಿತಕ್ಕಾಗಿ ಹುಟ್ಟಿದ ಮುದ್ರೆಯೇ ಬೇಕೆಂದು ಮನಸ್ಸು ಎಳೆಯುತ್ತದೆ. ಅವರ ಮೇಲೂ ಬಾಜಿ ಕಟ್ಟಿದವರಿದ್ದಾರೆ ಅನ್ನಿ. ಈ ವರ್ಷವಾದರೂ ಕ್ರ್ಯಾಂಕು ಕೊಳ್ಳುತ್ತಾರೋ ಇಲ್ಲವೋ ಎಂದು ಆಫೀಸ್ ಕ್ಯಾಂಟೀನಿನಲ್ಲಿ ಮಸಾಲೆದೋಸೆ ಪಣವಿದೆ. ಇಲ್ಲ ಎಂದವರು ಈವರೆಗೆ ಚೆನ್ನಾಗಿ ತಿಂದಿದ್ದಾರೆ.

ಆಯುಧಪೂಜೆಗೆ ಮಾತ್ರ ಸೈಕಲ್ ಗೋಡೆಯಿಂದ ಇಳಿಯುತ್ತದೆ. ಅರಿಶಿನ ಕುಂಕುಮ, ಚೆಂಡುಹೂವಿನ ಹಾರ, ಕುಂಬಳಕಾಯಿ ಎಲ್ಲ ಆಗುತ್ತದೆ. ಚಕ್ರದಡಿ ನಿಂಬೆಹಣ್ಣು ಇಟ್ಟಾಗ ಸ್ಕೂಟರ್ ಸದ್ದು ಮಾಡುತ್ತಾ ದಾಟಿಹೋಗುತ್ತದೆ; ಸೈಕಲ್ಲನ್ನು ಶಾಸ್ತ್ರಿಗಳು ಒಂದು ಕಡೆ, ಮಗಳು ಒಂದು ಕಡೆ ಹಿಡಿದು ನಿಂಬೆಹಣ್ಣಿನ ಮೇಲೆ ತಳ್ಳುತ್ತಾರೆ. ಟಯರಿಗೆ ಗಾಳಿ ಪರ್ಫೆಕ್ಟಾಗಿರುತ್ತದೆ, ಗೇಜು ಹಿಡಿದು ತುಂಬಿಸಿದ್ದು.

ತಮ್ಮ ಗುರು ಶೆಲ್ಡನ್ ಬ್ರೌನ್ ಎಂದು ಅವರು ಹೇಳಿಕೊಳ್ಳುತ್ತಾರೆ. ಮ್ಯಾಸಚೂಸೆಟ್ಸಿನ ಒಂದು ಸೈಕಲ್ ಅಂಗಡಿಯಲ್ಲಿದ್ದು, ಫಿಕ್ಸೆಡ್ ಸೈಕಲ್ಲಿನ ಎಲ್ಲ ಗುಟ್ಟನ್ನೂ ಬಿಚ್ಚಿ ಬರೆದು, 2008ರಲ್ಲಿ ತೀರಿಕೊಂಡ ದೊಡ್ಡ ಮನುಷ್ಯ. ಆಕ್ಸಲ್ಲಿನ ಗಣಕೂಟವಾಗಲಿ, ಗುಂಡಗಿಲ್ಲದ ರಿಂಗಿನ ಬೋಲ್ಟು ಸಡಿಲಿಸಿ ಮೆಲ್ಲಗೆ ತಟ್ಟಿ ನೆಟ್ಟಗೆ ಕೂರಿಸುವ ಉಪಾಯವಾಗಲಿ ಶಾಸ್ತ್ರಿಗಳು ಕಲಿತದ್ದು ಅವರಿಂದಲೇ. ಗುರುವಿಗೂ ಶಿಷ್ಯನಿಗೂ ಇರುವ ವ್ಯತ್ಯಾಸ ಇಷ್ಟೇ: ಬ್ರೌನ್ ಕೈಗೆ ಸಿಕ್ಕ ಹಳೇ ಸಾಮಾನನ್ನೆಲ್ಲ ಜೋಡಿಸಿ ಓಡಿಸಿಬಿಡುತ್ತಿದ್ದರು.

ನನ್ನನ್ನು ಕೇಳಿದರೆ ಶಾಸ್ತ್ರಿಗಳ ಮಾತಿನಲ್ಲಿ ಮುಕ್ಕಾಲು ಪಾಲು ಬೇಡದ ಸರಕು, ಕಾಲು ಪಾಲು ಬಂಗಾರ. ನಿಮಗೂ ಫಿಕ್ಸೆಡ್ ಸೈಕಲ್ಲಿನಲ್ಲಿ ಆಫೀಸಿಗೆ ಹೋಗುವ ಆಸೆಯಿದ್ದರೆ ಆ ಕಾಲು ಪಾಲನ್ನು ಇಟ್ಟುಕೊಳ್ಳಿ. ಉದ್ದ 165. ಬೋಲ್ಟಿನ ವೃತ್ತ 130, ಮುಂದೆ 44 ಇಲ್ಲವೇ 46 ಹಲ್ಲು, ಹಿಂದೆ 17. ಕ್ರ್ಯಾಂಕು ಮಾಡಿದ ಕಂಪನಿ ಯಾವ ಆಕ್ಸಲ್ ಹೇಳುತ್ತದೋ ಅದನ್ನೇ ಹಾಕಿಸಿ, ಆಗ ಚೈನು ನೆಟ್ಟಗೆ ಕೂರುತ್ತದೆ. ಆಕ್ಸಲ್ ಹಿಡಿಯುವ ಬಲಗಡೆಯ ಕಪ್ಪಿಗೆ ಸಾಮಾನ್ಯವಾಗಿ ಉಲ್ಟಾ ಥ್ರೆಡ್ ಇರುತ್ತದೆಂದು ಬಿಗಿಯುವ ಹುಡುಗನಿಗೆ ನೆನಪಿಸಿ. ಮುಂದಿನ ಬ್ರೇಕು ಇರಲೇಬೇಕು, ಬೆಂಗಳೂರಿನ ಆಟೋ ನಿಮ್ಮ ಕಾಲಿನ ಬಲಕ್ಕೆ ಕಾಯುವುದಿಲ್ಲ. ಸಾಮಾನು ಕೊಂಡು, ಹಾಕಿಸಿ, ಒಂದು ವಾರ ಓಡಿಸಿ, ಆಮೇಲೆ ಬೇಕಾದರೆ ಶಾಸ್ತ್ರಿಗಳಿಗೆ ತೋರಿಸಿ. ಅದಕ್ಕೆ ಮುಂಚೆ ಖಂಡಿತ ಬೇಡ.