ಅಂಚೆಟ್ಟಿ ಮಾರ್ಗದ ಅಂಟಾರ್ಕ್ಟಿಕಾ

ಲಕ್ಷಗಟ್ಟಲೆ ಸುರಿದು ಅಂಟಾರ್ಕ್ಟಿಕಾ ಹಡಗು ಹತ್ತಿದವರು ಡ್ರೇಕ್ ಜಲಸಂಧಿಯ ಬಿರುಗಾಳಿಗೆ ಸಿಕ್ಕರೆ, ಪೆಂಗ್ವಿನ್ನಿಗಿಂತ ಮೊದಲು ವಾಂತಿಚೀಲದ ದರ್ಶನ. ಹೊಸೂರಿನವರಿಗೆ ಅಷ್ಟು ದೂರ ಯಾಕೆ? ಡೆಂಕಣಿಕೋಟೆ, ಅಂಚೆಟ್ಟಿ ದಾಟಿ ಹೊಗೇನಕಲ್ಲಿಗೆ ಹೋದರೆ ಅದೇ ನಿರಾಶೆ ಅಗ್ಗದಲ್ಲಿ ಸಿಗುತ್ತದೆ.

ಪುಳಿಯೋಗರೆ ಕಟ್ಟಿಕೊಂಡು ನಮ್ಮ ಬಳಗವೆಲ್ಲ ಹೊರಟಿತು. ಆಕಾಶದಲ್ಲಿ ಚೂರು ಮೋಡವಿಲ್ಲ, ನೆತ್ತಿ ಸುಡುವ ಬಿಸಿಲು. ಕಾವೇರಿ ದಂಡೆಯಲ್ಲಿ ನೋಡಿದರೆ ಹರಿಗೋಲುಗಳೆಲ್ಲ ಬೋರಲು ಮಲಗಿವೆ! ಕಾವಲಿಗಿದ್ದ ಪೊಲೀಸಪ್ಪ “ಪರಿಸಲ್ ಇಲ್ಲೆ”, ಹರಿಗೋಲು ಇಲ್ಲ, ಎಂದು ಕೈಯಾಡಿಸಿದ.

ಇಲ್ಲಿನ ಹವಾಮಾನ ಇಲ್ಲಿ ತಯಾರಾಗುವುದಿಲ್ಲ, ಅದೇ ತಮಾಷೆ. ವಯನಾಡಿನಲ್ಲಿ ಮಳೆ ಹೊಡೆದರೆ ಕಬಿನಿ ತುಂಬುತ್ತದೆ, ಕೊಡಗಿನಲ್ಲಿ ಹೊಡೆದರೆ ಕೆಆರ್‌ಎಸ್. ಎರಡೂ ಬಾಗಿಲು ತೆಗೆದರೆ ಗಡಿಯಲ್ಲಿ ನದಿ ನೀರನ್ನು ಅಳೆಯುವ ಬಿಳಿಗುಂಡ್ಲುವಿನಲ್ಲಿ ಲೆಕ್ಕ ಏರುತ್ತದೆ, ಹರಿಗೋಲು ನಿಲ್ಲಿಸಿ ಎಂಬ ಧರ್ಮಪುರಿ ಕಲೆಕ್ಟರರ ಆಜ್ಞೆ ಇಳಿಯುತ್ತದೆ.

“ಇಷ್ಟೊಂದು ನೀರು ಯಾಕೆ ಬಿಟ್ಟರೋ ಕರ್ನಾಟಕದವರು?” ಎಂದು ಭಾವ ಸಿಡುಕಿದರು. ಕಾವೇರಿ ವ್ಯಾಜ್ಯದ ಚರಿತ್ರೆಯಲ್ಲಿ ಈ ದೂರು ಅಪರೂಪದ್ದಿರಬೇಕು. “ಮೆಲ್ಲಗೆ ಭಾವ, ವಕೀಲರು ಕೇಳಿಸಿಕೊಂಡಾರು” ಎಂದೆ.

1915ರಲ್ಲಿ ಅಂಟಾರ್ಕ್ಟಿಕಾದ ಹಿಮವು ಅನ್ವೇಷಕ ಶ್ಯಾಕಲ್‌ಟನ್‌ನ ಎಂಡ್ಯೂರೆನ್ಸ್ ಹಡಗನ್ನು ಹಿಂಡಿ ಮುಳುಗಿಸಿದಾಗ ಅವನ ಸಂಗಡಿಗರು ಸೀಲ್ ಮಾಂಸ ತಿಂದು ಬದುಕಿದರು. ನಮಗೆ ಬಿಸಿ ಬಿಸಿ ಹುರಿದ ಮೀನಿತ್ತು, ಅತ್ತೆಗೆ ಪುಳಿಯೋಗರೆ.

ಆಡಿ ತಿಂಗಳಲ್ಲಿ ಹೊರಡುವವರು ಹೊಸೂರಿನ ಆಕಾಶವನ್ನು ನಂಬಬೇಡಿ. ಬಿಳಿಗುಂಡ್ಲುವಿನಲ್ಲಿ ನೀರೆಷ್ಟೆಂದು ಮೊದಲು ವಿಚಾರಿಸಿ, ಆಮೇಲೆ ಹುಣಸೆ ನೆನೆಹಾಕಿ.