ಐದನೇ ತಾರೀಕಿನ ಬಡವರು

ಸರ್ಜಾಪುರ ರಸ್ತೆಯ ಯಾವ ಅಪಾರ್ಟ್‌ಮೆಂಟಿಗಾದರೂ ಹೋಗಿ. ಗೇಟಿನಲ್ಲಿ ಸೆಕ್ಯುರಿಟಿಯವನು ನಿಮ್ಮ ಫೋಟೊ ತೆಗೆದು, ಒಟಿಪಿ ಕೇಳಿ, ಒಳಗೆ ಬಿಟ್ಟ ಮೇಲೆ ಮೊದಲು ಎದುರಾಗುವ ನಲವತ್ತೈದರ ಗಂಡಸನ್ನು ಮಾತಿಗೆಳೆಯಿರಿ. ಮಳೆಯ ಮಾತಾಡಿ, ಟ್ರಾಫಿಕ್ಕಿನ ಮಾತಾಡಿ, ಮೂರನೆಯ ಮಾತಿಗೆ ‘ನಮ್ಮಂಥ ಮಿಡ್ಲ್ ಕ್ಲಾಸ್‌ನೋರು ಬದುಕೋ ಹಾಗಿಲ್ಲ ಸಾರ್’ ಎಂದರೋ, ಅವರೇ ನಮ್ಮ ಮೂರ್ತಿಗಳು. ಹೆಸರು ಬೇರೆ ಇದ್ದೀತು, ಊರು ಬೇರೆ ಇದ್ದೀತು. ಮೂರ್ತಿತನ ಮಾತ್ರ ಒಂದೇ.

ಮೂರ್ತಿಗಳ ಸಂಬಳ ವರ್ಷಕ್ಕೆ ಐವತ್ತು ಲಕ್ಷಕ್ಕೆ ಒಂದೆರಡು ಮೆಟ್ಟಿಲಷ್ಟೇ ಕೆಳಗೆ. ಆ ಕೊನೆಯ ಮೆಟ್ಟಿಲೆಂದರೆ ಅವರಿಗೆ ಪ್ರಾಣಭಯ. 50 ಲಕ್ಷ ದಾಟಿತೋ, ಕಟ್ಟುವ ತೆರಿಗೆಯ ಮೇಲೆ ಶೇ 10 ಸರ್‌ಚಾರ್ಜ್ ಬೀಳುತ್ತದೆ. ‘ಈ ಸಲ ಹೈಕ್ ಜಾಸ್ತಿ ಆಗದೇ ಇದ್ರೆ ಸಾಕಪ್ಪ’ ಎಂದು ಅವರು ಆಫೀಸಿಗೆ ಹೊರಡುವಾಗ ದೇವರ ಫೋಟೊಗೆ ಕೈಮುಗಿಯುತ್ತಾರೆ. ಅತ್ತ ಅವರ ಮನೆಯಾಕೆ, ಆ ಪ್ರಾರ್ಥನೆ ದೇವರ ಕಿವಿಗೆ ಬೀಳದಿರಲಿ ಎಂದು, ಮಂಗಳವಾರದ ರಾಹುಕಾಲಕ್ಕೆ ಬನಶಂಕರಿ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಬರುತ್ತಾರೆ.

ಇದೇ ಮೂರ್ತಿ 2003ರಲ್ಲಿ ಹನುಮಂತನಗರದ ವಠಾರದಲ್ಲಿ ಇಬ್ಬರು ಗೆಳೆಯರ ಜೊತೆ ಒಂದು ರೂಮಿನಲ್ಲಿದ್ದರು. ಹದಿನೆಂಟು ಸಾವಿರ ಸಂಬಳ. ಆಗ ಅವರಷ್ಟು ಸಾಹುಕಾರರು ಆ ಬೀದಿಯಲ್ಲೇ ಇರಲಿಲ್ಲ. ಸಂಬಳದ ದಿನ ಗಾಂಧಿ ಬಜಾರಿಗೆ ನಡೆದು ಹೋಗಿ ವಿದ್ಯಾರ್ಥಿ ಭವನದ ಬಾಗಿಲಲ್ಲಿ ಕಾದು, ಮೂವರಿಗೂ ಎರಡೆರಡು ಮಸಾಲೆ ದೋಸೆ ಕೊಡಿಸಿ, ಬಿಲ್ಲನ್ನು ಯಾರ ಕೈಗೂ ಸಿಗದಂತೆ ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಯಾರಾದರೂ ಸಾಲ ಕೇಳಿದರೆ ಜೇಬಿಗೆ ಕೈ ಹಾಕುತ್ತಿದ್ದರು. ಈಗಲೂ ಹಾಕುತ್ತಾರೆ. ಮೊಬೈಲ್ ತೆಗೆದು ಎಕ್ಸೆಲ್ ಶೀಟ್ ತೋರಿಸುವುದಕ್ಕೆ.

ಆ ಶೀಟನ್ನು ನಾನು ನೋಡಿದ್ದೇನೆ. ಅದನ್ನು ನೋಡಿದವರು ಕಣ್ಣೊರೆಸಿಕೊಳ್ಳದೆ ಎದ್ದುಬರುವುದು ಕಷ್ಟ. ಒಂದನೇ ತಾರೀಕು ಸಂಬಳ ಬರುತ್ತದೆ. ಮೂರಕ್ಕೆ ಮನೆ ಸಾಲದ ಕಂತು, ನಾಲ್ಕಕ್ಕೆ ಕಾರಿನ ಕಂತು. ಐದನೆಯ ತಾರೀಕು ಮಹಾನವಮಿ: ಒಂದಾದ ಮೇಲೊಂದು ಐದು ಎಸ್‌ಐಪಿ, ಪಿಪಿಎಫ್, ಎನ್‌ಪಿಎಸ್, ಮಗಳ ಮದುವೆಗೆಂದು ಒಂದು, ಮಗಳು ಮದುವೆ ಬೇಡವೆಂದರೆ ವಿದೇಶದಲ್ಲಿ ಓದಲೆಂದು ಇನ್ನೊಂದು, ಇಬ್ಬರೂ ಐವತ್ತೈದಕ್ಕೇ ರಿಟೈರ್ ಆಗಿ ಸಕಲೇಶಪುರದ ಕಡೆ ಕಾಫಿ ತೋಟ ಕೊಳ್ಳಲೆಂದು ಮತ್ತೊಂದು. ಎಲ್ಲಾ ಆಟೋ ಡೆಬಿಟ್. ಆರನೆಯ ತಾರೀಕು ಬೆಳಗ್ಗೆ ಹಲ್ಲುಜ್ಜುವ ಮೊದಲೇ ಮೂರ್ತಿಗಳು ಬ್ಯಾಲೆನ್ಸ್ ನೋಡುತ್ತಾರೆ. ಚಿಲ್ಲರೆ ಸಾವಿರಗಳು.

‘ನೋಡಿ ಸ್ವಾಮಿ, ಇಷ್ಟರಲ್ಲಿ ತಿಂಗಳು ದೂಡ್ಬೇಕು.’

‘ಎಸ್‌ಐಪಿ ಖರ್ಚಲ್ವಲ್ಲ ಮೂರ್ತಿಗಳೇ, ಅದು ಉಳಿತಾಯ ಅಲ್ವೆ?’ ಅಂದೆ.

ಅವರು ನನ್ನನ್ನು ಎಲ್‌ಕೆಜಿ ಮಗುವನ್ನು ನೋಡುವಂತೆ ನೋಡಿದರು. ‘ಕೈಯಿಂದ ಹೋಯ್ತೋ ಇಲ್ವೋ?’

ಹೋಯಿತು, ನಿಜ. ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಮೂರ್ತಿಗಳು ನಾಟಕ ಆಡುತ್ತಿಲ್ಲ. ಅವರ ಬಡತನ ಅಪ್ಪಟ ಬಡತನ. ಆರನೇ ತಾರೀಕಿನಿಂದ ಮೂವತ್ತರವರೆಗೆ ಅವರು ನಿಜಕ್ಕೂ ಪೈಸೆಗೆ ಪೈಸೆ ಲೆಕ್ಕ ಹಾಕುತ್ತಾರೆ. ಅವರ ತಾಯಿಯೂ ಗಂಡನಿಗೆ ಕಾಣದಂತೆ ಸಾಸಿವೆ ಡಬ್ಬಿಯಲ್ಲಿ ದುಡ್ಡು ಹುದುಗಿಸಿ ಸಂಸಾರ ಮಾಡಿದವರೇ. ಆದರೆ ಆಕೆಗೆ ಡಬ್ಬಿಯಲ್ಲಿ ದುಡ್ಡಿರುವುದು ಗೊತ್ತಿತ್ತು. ಮನಸ್ಸಿಗೆ ಬೇಜಾರಾದಾಗ ಮುಚ್ಚಳ ತೆಗೆದು ಒಮ್ಮೆ ಮುಟ್ಟಿ ನೋಡುತ್ತಿದ್ದರು. ಮಗ ಬಚ್ಚಿಟ್ಟಿರುವುದು ತನಗೆ ಕಾಣದಂತೆ. ಮಾರ್ಕೆಟ್ ಏರಿದ ದಿನ ಡಬ್ಬಿ ತುಂಬಿದ್ದು ಕಂಡು ಖುಷಿಪಡುವುದು ಬಿಟ್ಟು, ಇನ್ನೊಂದು ಡಬ್ಬಿ ಶುರು ಮಾಡುತ್ತಾರೆ.

ಬಜೆಟ್ಟಿನ ದಿನ ಅವರ ಮನೆಗೆ ಹೋಗಬಾರದು. 2025ರ ಫೆಬ್ರುವರಿ 1ರಂದು ತಿಳಿಯದೆ ಹೋಗಿಬಿಟ್ಟೆ. 12 ಲಕ್ಷದವರೆಗೆ ತೆರಿಗೆಯೇ ಇಲ್ಲ ಎಂದು ಹಣಕಾಸು ಮಂತ್ರಿಗಳು ಹೇಳಿದ್ದೇ ತಡ, ಮೂರ್ತಿಗಳು ರಿಮೋಟ್ ಎಸೆದರು. ‘ಯಾರ್ ಯಾರಿಗೋ ಕೊಟ್ರು. ನಮ್ಮಂಥ ಮಿಡ್ಲ್ ಕ್ಲಾಸಿಗೆ ಏನಿದೆ?’ ಅಷ್ಟರಲ್ಲಿ ಅವರ ಮಗಳು ಅದೇ ಮೊಬೈಲಿನಲ್ಲಿ ಲೆಕ್ಕ ಹಾಕಿ, ಹೊಸ ಪದ್ಧತಿಯಲ್ಲಿ 24 ಲಕ್ಷದ ಮೇಲಿನವರಿಗೂ 1,10,000 ರೂಪಾಯಿ ಉಳಿಯುತ್ತದೆ ಅಪ್ಪಾ ಎಂದಳು. ಮೂರ್ತಿಗಳ ಮುಖ ಒಂದು ಕ್ಷಣ ಅರಳಿತು. ಮರುಕ್ಷಣವೇ, ‘ಆರನೇ ಎಸ್‌ಐಪಿಗೆ ಆಯ್ತು’ ಎಂದು ಬಾಡಿತು.

ಊಟದ ವಿಷಯಕ್ಕೆ ಬರುತ್ತೇನೆ. ಆದಾಯ ಏರಿದ ಹಾಗೆ ಸಂಸಾರದ ಖರ್ಚಿನಲ್ಲಿ ಅನ್ನದ ಪಾಲು ಇಳಿಯುತ್ತದೆ ಎಂದು ಜರ್ಮನಿಯ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ಬರೆದಿಟ್ಟಿದ್ದಾನೆ. ನಮ್ಮಲ್ಲೂ 2023-24ರ ಗೃಹ ಬಳಕೆ ವೆಚ್ಚ ಸಮೀಕ್ಷೆಯಲ್ಲಿ ಹಳ್ಳಿಯವರ ಖರ್ಚಿನಲ್ಲಿ ಶೇ 47ರಷ್ಟು ಊಟ-ತಿಂಡಿಗೆ ಹೋದರೆ, ಪೇಟೆಯವರದು ಶೇ 40ರ ಹತ್ತಿರ. ಮೂರ್ತಿಗಳ ಶೀಟಿನಲ್ಲಿ ಅದು ಶೇ 12. ನೀವು ಗೆದ್ದಿರಿ ಎಂದು ನಾನು ಕೈಕುಲುಕಲು ಹೋದರೆ ಅವರು ಅದನ್ನು ಓದಿಕೊಂಡದ್ದೇ ಬೇರೆ: ‘ಹಳ್ಳಿಯವರಿಗೆ ಊಟಕ್ಕೆ 47 ಪರ್ಸೆಂಟ್ ಸಿಗುತ್ತೆ. ನಮಗೆ ಉಳಿಯೋದು ಹನ್ನೆರಡೇ!’

ಆ ಹನ್ನೆರಡರಲ್ಲಿ ಗಾಣದ ಎಣ್ಣೆ, ನಾಟಿ ಹಸುವಿನ ಎ2 ಹಾಲು, ಗುಲಾಬಿ ಬಣ್ಣದ ಉಪ್ಪು, ಮತ್ತೆ ಸಾಮೆ, ನವಣೆ, ಕೊರಲೆ. ತಿಪಟೂರು ಕಡೆಯ ಅವರ ತಾಯಿ ಮದುವೆಯಾಗಿ ಬಂದ ಹೊಸತರಲ್ಲಿ ಸಾಮೆ ಅನ್ನ ಉಂಡು ಉಂಡು ಸಾಕಾಗಿ, ಹಬ್ಬದ ದಿನದ ನೆಲ್ಲಕ್ಕಿ ಅನ್ನಕ್ಕೆ ಬಾಯಿ ಬಿಡುತ್ತಿದ್ದವರು. ಮಗನನ್ನು ಓದಿಸಿದ್ದೇ ದಿನಾ ಬಿಳಿ ಅನ್ನ ಉಣ್ಣಲಿ ಎಂದು. ಈಗ ಡಯಟಿಶಿಯನ್ ಬರೆದುಕೊಟ್ಟ ಚೀಟಿಯ ಪ್ರಕಾರ ಸೊಸೆ ಸಾಮೆ ಅನ್ನ ಬಡಿಸಿದಾಗ ಆಕೆ ತಟ್ಟೆ ನೋಡಿ ಮಗನನ್ನು ಮೆಲ್ಲಗೆ ಕೇಳಿದರಂತೆ, ‘ಕೆಲ್ಸ ಏನಾದ್ರೂ ಹೋಯ್ತೇನೋ?’

ಆ ತಾಯಿಗೆ ಈ ಅಪಾರ್ಟ್‌ಮೆಂಟಿನಲ್ಲಿ ಹೊಂದಿಕೊಂಡದ್ದು ಎರಡೇ. ಒಂದು, ಸರ್ವಿಸ್ ಲಿಫ್ಟ್. ದೊಡ್ಡ ಲಿಫ್ಟಿನಲ್ಲಿ ಎಲ್ಲರೂ ಮೊಬೈಲಿಗೆ ಮುಖ ಹುದುಗಿಸಿ ನಿಂತಿರುತ್ತಾರೆ. ಸರ್ವಿಸ್ ಲಿಫ್ಟಿನಲ್ಲಿ ಅಡುಗೆಯವರು, ಕಸದವರು, ಹಾಲಿನ ಹುಡುಗರು. ಹದಿನಾಲ್ಕನೇ ಮಹಡಿ ತಲುಪುವಷ್ಟರಲ್ಲಿ ಯಾರ ಮಗಳು ಬಾಣಂತಿ, ಯಾರ ಊರಲ್ಲಿ ಜಾತ್ರೆ ಎಲ್ಲಾ ಗೊತ್ತಾಗುತ್ತದೆ. ಇನ್ನೊಂದು, ನೀರಿನ ಅಭಾವ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರಿನವರು ಫೋನ್ ಎತ್ತದೆ, ಒಂದೂಮುಕ್ಕಾಲು ಕೋಟಿ ಫ್ಲಾಟಿನ ಕಾರ್ಪೊರೇಟ್ ಮಂದಿ ಪೇಪರ್ ತಟ್ಟೆಯಲ್ಲಿ ಉಣ್ಣುತ್ತಿದ್ದಾಗ, ಅರ್ಧ ಬಕೆಟ್ಟಿನಲ್ಲಿ ಸ್ನಾನ, ಮಿಕ್ಕಿದ್ದರಲ್ಲಿ ಬಟ್ಟೆ, ಅದೇ ನೀರು ಗಿಡಕ್ಕೆ ಎಂದು ಇಡೀ ಮಹಡಿಗೆ ಪಾಠ ಹೇಳಿಕೊಟ್ಟವರು ಅವರೇ.

ಮೂರ್ತಿಗಳು ಜಿಪುಣರೇ ಎಂದರೆ ಅಲ್ಲ. ಅವರ ಲೆಕ್ಕಕ್ಕೆ ಬೇರೆಯದೇ ನ್ಯಾಯ ಇದೆ. ಗೇಟಿನ ಹೊರಗೆ ಬುಟ್ಟಿ ಇಟ್ಟುಕೊಂಡು ಕೂರುವ ಸೊಪ್ಪಿನ ಅಜ್ಜಿಯ ಹತ್ತಿರ ಮೆಂತ್ಯದ ಕಟ್ಟಿಗೆ ಐದು ರೂಪಾಯಿ ಇಳಿಸಿ, ಮೇಲೆ ಒಂದಿಷ್ಟು ಕೊತ್ತಂಬರಿ ಕಿತ್ತುಕೊಂಡರೇ ಅವರಿಗೆ ಸಮಾಧಾನ. ಮನೆಗೆ ಬಂದು ಮೊಬೈಲಿನಲ್ಲಿ ಒಂದು ಪ್ಯಾಕೆಟ್ ಬ್ರೆಡ್ ತರಿಸುತ್ತಾರೆ. ಹ್ಯಾಂಡ್ಲಿಂಗ್ ಚಾರ್ಜ್, ಮಳೆ ಬಂದರೆ ಮಳೆಯ ಚಾರ್ಜ್, ಎಲ್ಲ ತುಟಿಪಿಟಕ್ಕೆನ್ನದೆ ಕೊಡುತ್ತಾರೆ. ಚೌಕಾಸಿ ಮಾಡೋಣವೆಂದರೆ ಆಚೆ ಕಡೆ ಅಜ್ಜಿಯೇ ಇಲ್ಲವಲ್ಲ. ಡೆಲಿವರಿ ಚಾರ್ಜ್ 30 ಮಾತ್ರ ಸಹಿಸಲಾರರು. ಅದನ್ನು ತಪ್ಪಿಸಲು 140 ರೂಪಾಯಿಯ ಕೊರಿಯಾ ನೂಡಲ್ಸ್ ಸೇರಿಸಿ, ಮೂವತ್ತು ಉಳಿಸಿದ ಸಂತೋಷದಲ್ಲಿ ಅಂದು ಬೇಗ ಮಲಗುತ್ತಾರೆ. ಆ ನೂಡಲ್ಸನ್ನು ಇವತ್ತಿನವರೆಗೆ ಯಾರೂ ತಿಂದಿಲ್ಲ. ಅಡುಗೆಮನೆಯ ಒಂದು ಕಪಾಟಿನ ತುಂಬ ಹೀಗೆ ಉಳಿತಾಯವೇ ಇದೆ.

ಇನ್ನು ವಿಮಾನ ನಿಲ್ದಾಣದ ಲೌಂಜ್. ಅದನ್ನು ಹೇಳದಿದ್ದರೆ ಮೂರ್ತಿಗಳ ಚಿತ್ರಕ್ಕೆ ಕಣ್ಣೇ ಬರೆದಂತಾಗುವುದಿಲ್ಲ. ಅವರ ಒಂದು ಕ್ರೆಡಿಟ್ ಕಾರ್ಡ್ ಉಜ್ಜಿದರೆ 2 ರೂಪಾಯಿಗೆ ಲೌಂಜಿನೊಳಗೆ ಬಿಡುತ್ತಾರೆ. ಆ ಎರಡು ರೂಪಾಯಿಗಾಗಿ ಮೂರ್ತಿಗಳು ಬೆಳಗಿನ ಏಳರ ವಿಮಾನಕ್ಕೆ ಮಧ್ಯರಾತ್ರಿ ಎರಡಕ್ಕೇ ಎದ್ದು, ಸಾವಿರ ಚಿಲ್ಲರೆಯ ಟ್ಯಾಕ್ಸಿ ಮಾಡಿಕೊಂಡು ದೇವನಹಳ್ಳಿಗೆ ಓಡುತ್ತಾರೆ. ಹಿಂದಿನ ರಾತ್ರಿ ಊಟ ಮಾಡಿರುವುದಿಲ್ಲ. ನಾಲ್ಕೂವರೆಗೆ ಅಲ್ಲಿ ಕ್ಯೂ. ಸೂಟ್‌ಕೇಸ್ ಹಿಡಿದವರು, ಲ್ಯಾಪ್‌ಟಾಪ್ ಬ್ಯಾಗಿನವರು, ನಿದ್ದೆಗಣ್ಣಿನ ಮಕ್ಕಳು, ಎಲ್ಲರ ಕೈಯಲ್ಲೂ ಒಂದೊಂದು ಹೊಳೆಯುವ ಕಾರ್ಡ್. ಒಳಗೆ ಉಪ್ಪಿಟ್ಟು, ತಣ್ಣಗಾದ ಇಡ್ಲಿ, ನೀರು ಸಾಂಬಾರು, ಕಲ್ಲಂಗಡಿ ಹೋಳು. ಮೂರ್ತಿಗಳು ಮೂರು ಸುತ್ತು ಬಡಿಸಿಕೊಂಡು, ಎರಡು ಬಾಳೆಹಣ್ಣು ಕೋಟಿನ ಜೇಬಿಗಿಳಿಸಿ, ಕಾಫಿ ಹೀರುತ್ತಾ ಪಕ್ಕದವರಿಗೆ ಹೇಳುತ್ತಾರೆ, ‘ಈ ಸರ್ಕಾರದವರು ಬಿಟ್ಟಿ ಭಾಗ್ಯ ಕೊಟ್ಟು ಜನರನ್ನ ಸೋಮಾರಿ ಮಾಡ್ಬಿಟ್ರು ಸಾರ್. ಇಂದಿರಾ ಕ್ಯಾಂಟೀನ್ ಮುಂದೆ ಕ್ಯೂ ನೋಡಿದೀರಾ?’

ನೋಡಿದ್ದೇನೆ. 2017ರ ಆಗಸ್ಟಿನಲ್ಲಿ ಶುರುವಾದಾಗ ಅಲ್ಲಿ ತಿಂಡಿಗೆ 5 ರೂಪಾಯಿ, ಊಟಕ್ಕೆ 10. ಆಟೊದವರು, ಗಾರೆ ಕೆಲಸದವರು ಟೋಕನ್ ತೆಗೆದುಕೊಂಡು ಉಪ್ಪಿಟ್ಟು ತಿಂದು ಕೆಲಸಕ್ಕೆ ಹೋಗುತ್ತಾರೆ. ಉಪ್ಪಿಟ್ಟು ಎರಡೂ ಕಡೆ ಹೆಚ್ಚುಕಡಿಮೆ ಒಂದೇ; ಗಾರೆಯವನು ಮೂರು ರೂಪಾಯಿ ಜಾಸ್ತಿ ಕೊಡುತ್ತಾನೆ, ಅಷ್ಟೆ. ಇದನ್ನು ನಾನು ಮೂರ್ತಿಗಳ ಎದುರು ಹೇಳಿದರೆ, ‘ಲೌಂಜ್ ಫ್ರೀ ಅಲ್ಲ ಸ್ವಾಮಿ, ಕ್ವಾರ್ಟರಿಗೆ ಐವತ್ತು ಸಾವಿರ ಖರ್ಚು ಮಾಡಿದ್ರೇನೇ ಕೊಡೋದು’ ಎಂದು ಎದೆಯುಬ್ಬಿಸಿದರು. ಆ ಐವತ್ತು ಸಾವಿರ ತುಂಬಿಸಲು ಮಾರ್ಚ್ ಕೊನೆಯ ವಾರದಲ್ಲಿ ಮನೆಗೆ ಏನೇನು ಬಂದವು ಎಂಬುದನ್ನು ಅವರ ಮನೆಯಾಕೆ ಬೇರೆಯಾಗಿ ಹೇಳಿದರು. ಏರ್ ಫ್ರೈಯರ್ ಎರಡನೆಯದಂತೆ.

ಗೌರಿ ಹಬ್ಬಕ್ಕೆ ಮೂರ್ತಿಗಳು ಊರಿಗೆ ಹೋಗುತ್ತಾರೆ. ತಿಪಟೂರಿನ ಆಚೆ ಚಿಕ್ಕಪ್ಪನ ತೆಂಗಿನ ತೋಟ. ಊರ ಗಡಿ ಬಂದೊಡನೆ ಮೂರ್ತಿಗಳು ಕೈಗಡಿಯಾರ ಬಿಚ್ಚಿ ಡ್ಯಾಶ್‌ಬೋರ್ಡಿನೊಳಗೆ ಇಡುತ್ತಾರೆ. ಆ ಗಡಿಯಾರ ಹೃದಯಬಡಿತ ಎಣಿಸುತ್ತದೆ, ದಾಯಾದಿಗಳೂ ಏನಾದರೂ ಎಣಿಸಿಯಾರು ಎಂಬ ಅನುಮಾನ. ಜಗಲಿಯಲ್ಲಿ ಕೂತು ಕಾಫಿ ಲೋಟ ಕೈಗೆ ಬರುವ ಮೊದಲೇ ಕಷ್ಟ ಶುರು. ಮನೆ ಸಾಲ, ಸ್ಕೂಲ್ ಫೀಸು, ಮೇಂಟೆನೆನ್ಸು. ‘ತಿಂಗಳ ಕೊನೆಗೆ ಕೈಯಲ್ಲಿ ಏನೂ ಇರಲ್ಲ ಚಿಕ್ಕಪ್ಪ.’

ಚಿಕ್ಕಪ್ಪ ಮಾತಿಗೆ ಮಾತು ಸೇರಿಸುವವರಲ್ಲ. ಈ ವರ್ಷ ಕೊಬ್ಬರಿಗೆ ಒಳ್ಳೆ ರೇಟು ಬಂದು ನಾಲ್ಕು ಕಾಸು ಕಂಡಿದ್ದಾರೆ. ‘ದುಡ್ಡೈತೆ ಕಣಪ್ಪ ಈ ಸಲ’ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ಕೇಳಿದವರಿಗೆ ಸಾಲ ಕೊಟ್ಟು ಅರ್ಧ ಖಾಲಿಯೂ ಮಾಡಿಕೊಂಡಿದ್ದಾರೆ. ಮಗನ ಕಷ್ಟ ಕೇಳಿ ಅವರ ಕರುಳು ಚುರ್ ಎಂದಿತು. ಆಳು ಕರೆದು ಕಾರಿನ ಡಿಕ್ಕಿಗೆ ನೂರು ಕಾಯಿ, ಒಂದು ಮೂಟೆ ರಾಗಿ, ಹುರುಳಿಕಾಳು ತುಂಬಿಸಿದರು. ಮೊಮ್ಮಗಳ ಕೈಗೆ ಐನೂರರ ನೋಟು ತುರುಕಿದರು. ಮೂರ್ತಿಗಳು ‘ಅಯ್ಯೋ ಯಾಕೆ ಚಿಕ್ಕಪ್ಪ’ ಎನ್ನುತ್ತಲೇ ಡಿಕ್ಕಿಯಲ್ಲಿ ಇನ್ನೊಂದು ಮೂಟೆಗೆ ಜಾಗ ಮಾಡುತ್ತಿದ್ದರು.

ಹೊರಡುವ ಹೊತ್ತಿಗೆ ಚಿಕ್ಕಪ್ಪ ಅವರನ್ನು ಕೊಟ್ಟಿಗೆಯ ಕಡೆ ಕರೆದೊಯ್ದು, ಯಾರಿಗೂ ಕೇಳಿಸದಂತೆ ತಗ್ಗಿದ ದನಿಯಲ್ಲಿ ಹೇಳಿದರು.

‘ನಾಚ್ಕೋಬೇಡ ಕಣಪ್ಪ. ಪಂಚಾಯ್ತಿ ಮೆಂಬರು ನಮ್ಮೋನೇ. ನಿಂಗೊಂದು ಬಿಪಿಎಲ್ ಕಾರ್ಡ್ ಮಾಡ್ಸಿಕೊಡ್ಲಾ? ಕಾರಿರ್ಬಾರ್ದಂತೆ, ಅದನ್ನ ಇಲ್ಲೇ ಕೊಟ್ಟಿಗೇಲಿ ಬಿಟ್ಟೋಗು. ವರ್ಷದ ಆದಾಯ 1 ಲಕ್ಷ 20 ಸಾವಿರದ ಒಳಗಿದ್ರಾಯ್ತು.’

ಮೂರ್ತಿಗಳು ಬೆಚ್ಚಿಬೀಳುತ್ತಾರೆ ಎಂದುಕೊಂಡಿರಾ? ಮೊಬೈಲ್ ತೆಗೆದರು. ಶೀಟನ್ನು ಕೊನೆಯ ಸಾಲಿನವರೆಗೆ ಸರಿಸಿ, ಉಳಿದದ್ದನ್ನು ಹನ್ನೆರಡರಿಂದ ಗುಣಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

‘ಚಿಕ್ಕಪ್ಪ, ಅವರು ನೋಡೋದು ಗ್ರಾಸ್ ಇನ್‌ಕಮ್ಮೋ, ಎಲ್ಲಾ ಕಟ್ ಆಗಿ ಉಳಿಯೋದೋ?’